ಅಪರಾಧದಲ್ಲಿ ನೊಂದವರಿಗೆ ಪರಿಹಾರ ನಿಧಿ: ಅರ್ಜಿಯಿಂದ ಹಣ ಕೈಸೇರುವವರೆಗೆ

ಕೊಲೆ, ಅತ್ಯಾಚಾರ, ಆಸಿಡ್ ದಾಳಿ, ಕೈಕಾಲು ಮುರಿಯುವಂಥ ಹಲ್ಲೆ. ಇಂಥದ್ದು ಒಂದು ಮನೆಗೆ ಬಂದೆರಗಿದರೆ ಮೊದಲ ವಾರದಲ್ಲೇ ಸಾಲ ಶುರುವಾಗುತ್ತದೆ. ಆಸ್ಪತ್ರೆ ಬಿಲ್ಲು, ಠಾಣೆಗೆ ಓಡಾಟ, ಕೆಲಸಕ್ಕೆ ಹೋಗದ ದಿನಗಳ ಕೂಲಿ. ಕೇಸು ಮುಗಿಯುವುದು ಯಾವ ಕಾಲಕ್ಕೋ. ಆದರೂ ಬಹಳ ಜನ "ಕೇಸ್ ಗೆದ್ದ ಮೇಲೆ ತಾನೇ ದುಡ್ಡು" ಅಂದುಕೊಂಡು ಸುಮ್ನೆ ಕೂತಿರುತ್ತಾರೆ. ಅದು ತಪ್ಪು ತಿಳಿವಳಿಕೆ. ಆರೋಪಿ ಸಿಗದಿದ್ದರೂ, ಸಿಕ್ಕು ಖುಲಾಸೆಯಾದರೂ, ಕೇಸು ಇನ್ನೂ ನಡೆಯುತ್ತಿದ್ದರೂ ನೊಂದವರಿಗೆ ಸರ್ಕಾರದ ನಿಧಿಯಿಂದ ಪರಿಹಾರ ಸಿಗಲು ಕಾನೂನಿನಲ್ಲಿ ದಾರಿ ಇದೆ. ಆ ಹಣ ಎಷ್ಟು ಅಂತ ತೀರ್ಮಾನಿಸುವುದು ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರ.

ಇದು ಯಾರೋ ಕೊಡುವ ದಾನವಲ್ಲ, ಹಕ್ಕು. ಆದರೆ ಬರವಣಿಗೆಯಲ್ಲಿ ಕೇಳಬೇಕು. ಕೇಳದೆ ತಾನಾಗಿ ಬಂದ ಉದಾಹರಣೆ ತೀರಾ ಕಡಿಮೆ.

ಮೊದಲು ಎರಡು ದಾರಿಗಳನ್ನು ಬೇರೆ ಮಾಡಿಕೊಳ್ಳಿ

ಒಂದು, ಅಪರಾಧಿಯ ಜೇಬಿನಿಂದ ಬರುವ ಹಣ. ಶಿಕ್ಷೆ ಕೊಡುವಾಗ ನ್ಯಾಯಾಧೀಶರು ದಂಡದಲ್ಲಿ ಒಂದು ಭಾಗವನ್ನು ನೊಂದವರಿಗೆ ಕೊಡಿಸಬಹುದು. ಶಿಕ್ಷೆಯಲ್ಲಿ ದಂಡ ಇಲ್ಲದಿದ್ದರೆ ಬೇರೆಯಾಗಿ ಪರಿಹಾರ ಕಟ್ಟು ಅಂತಲೂ ಆದೇಶ ಮಾಡಬಹುದು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 395ನೇ ಕಲಂ. ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯಲ್ಲಿ ಇದು 357 ಆಗಿತ್ತು.

ಇನ್ನೊಂದು, ರಾಜ್ಯ ಸರ್ಕಾರದ ನಿಧಿಯಿಂದ ಬರುವ ಹಣ. ಅಪರಾಧಿ ಬಡವನಾಗಿದ್ದರೆ, ಓಡಿಹೋಗಿದ್ದರೆ, ಯಾರೆಂದೇ ಗೊತ್ತಿಲ್ಲದಿದ್ದರೆ ಮೊದಲ ದಾರಿಯಿಂದ ಒಂದು ಪೈಸೆಯೂ ಬರುವುದಿಲ್ಲ ಅಲ್ವಾ? ಅದಕ್ಕೇ 2008ರ ತಿದ್ದುಪಡಿಯಲ್ಲಿ ಸಿಆರ್‌ಪಿಸಿಗೆ 357ಎ ಸೇರಿಸಿದರು. ಅದು 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಪ್ರತಿ ರಾಜ್ಯವೂ ಒಂದು ಯೋಜನೆ ಮಾಡಬೇಕಾಯಿತು. ನಮ್ಮಲ್ಲಿ ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011 ಬಂದಿದ್ದು ಹಾಗೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ ಇದೇ ವಿಷಯ ಬಿಎನ್‌ಎಸ್‌ಎಸ್ 396ರಲ್ಲಿದೆ. ವಕೀಲರು, ಗುಮಾಸ್ತರು ಈಗಲೂ ಬಾಯಿಮಾತಿನಲ್ಲಿ "357ಎ" ಅಂದರೆ ಗಾಬರಿಯಾಗಬೇಡಿ, ಅದೇ ಇದು.

ಮಹಿಳೆಯರಿಗೆ ಇನ್ನೊಂದು ಬಲವಾದ ಯೋಜನೆ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಅಂದರೆ ನಾಲ್ಸಾ, 2018ರಲ್ಲಿ ಲೈಂಗಿಕ ದೌರ್ಜನ್ಯ ಮತ್ತಿತರ ಅಪರಾಧಗಳಲ್ಲಿ ನೊಂದ ಮಹಿಳೆಯರಿಗೆಂದೇ ಪರಿಹಾರ ಯೋಜನೆ ರೂಪಿಸಿತು. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿ, ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ ಹೇಳಿತು. 2018ರ ಅಕ್ಟೋಬರ್ 2ರಿಂದ ಅದು ಜಾರಿಯಲ್ಲಿದೆ.

ಯಾವ ಬಾಗಿಲು ನಿಮ್ಮದು?

ನೊಂದವರು ಮಹಿಳೆಯಾಗಿದ್ದರೆ ಎಫ್‌ಐಆರ್ ಆದ ಕೂಡಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಅರ್ಜಿ ಕೊಡಬಹುದು. ಅವರ ಅವಲಂಬಿತರು ಕೊಡಬಹುದು, ಠಾಣಾಧಿಕಾರಿಯೂ ಕೊಡಬಹುದು.

ಆರೋಪಿ ಪತ್ತೆಯೇ ಆಗಿಲ್ಲ, ಹಾಗಾಗಿ ವಿಚಾರಣೆ ನಡೆಯುವುದಿಲ್ಲ ಎಂದಾದರೆ ಗಂಡಸರು, ಹೆಂಗಸರು ಯಾರೇ ಆದರೂ ಪ್ರಾಧಿಕಾರಕ್ಕೆ ನೇರ ಅರ್ಜಿ ಹಾಕಬಹುದು. ಪೊಲೀಸರು "ಆರೋಪಿ ಪತ್ತೆಯಾಗಿಲ್ಲ" ಅಂತ ವರದಿ ಹಾಕಿದರೆ ಬಹಳ ಮನೆಯವರು ಅಲ್ಲಿಗೆ ಮುಗೀತು ಅಂದುಕೊಳ್ಳುತ್ತಾರೆ. ಪರಿಹಾರದ ಮಟ್ಟಿಗೆ ಅಲ್ಲಿಂದಲೇ ನೇರ ದಾರಿ ತೆರೆಯುತ್ತದೆ. ಆ ವರದಿಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಪುರುಷರ ಮೇಲೆ ಹಲ್ಲೆಯಾಗಿ ಕೇಸು ನಡೆಯುತ್ತಿದ್ದರೆ, ವಿಚಾರಣೆ ನಡೆಸುವ ಕೋರ್ಟಿಗೇ ಅರ್ಜಿ ಕೊಟ್ಟು ಪ್ರಾಧಿಕಾರಕ್ಕೆ ಶಿಫಾರಸು ಮಾಡುವಂತೆ ಕೇಳುವುದು ಒಳ್ಳೆಯದು. ಮಧ್ಯಂತರ ಪರಿಹಾರದ (ಅಂತಿಮ ತೀರ್ಮಾನಕ್ಕೂ ಮೊದಲೇ ಕೊಡುವ ಹಣದ) ಅಗತ್ಯ ಇದೆಯೇ ಎಂದು ನೋಡುವುದು ಕೋರ್ಟುಗಳ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸುರೇಶ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ ಹೇಳಿದೆ. ಈ ತೀರ್ಪಿನ ಹೆಸರನ್ನು ನಿಮ್ಮ ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ.

ಮಕ್ಕಳ ವಿಷಯ ಬೇರೆಯೇ. ಅದಕ್ಕೆ ಮುಂದೆ ಬರುತ್ತೇನೆ.

ಇಲ್ಲಿ ಸಿಗದಿರುವುದನ್ನೂ ಹೇಳಿಬಿಡುತ್ತೇನೆ. ಕಳ್ಳತನವಾದ ಒಡವೆ, ಮೋಸ ಹೋದ ದುಡ್ಡು, ಆನ್‌ಲೈನ್ ವಂಚನೆ ಇವಕ್ಕೆ ಈ ನಿಧಿ ಅಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ. ಗುದ್ದಿ ಓಡಿಹೋದ ವಾಹನದ ಅಪಘಾತಕ್ಕೆ ಮೋಟಾರು ವಾಹನ ಕಾಯ್ದೆಯಡಿ ಪ್ರತ್ಯೇಕ ಯೋಜನೆ ಇದೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯಕ್ಕೆ ಸಮಾಜ ಕಲ್ಯಾಣ ಇಲಾಖೆ ಮೂಲಕ ಅಪರಾಧಕ್ಕೆ ತಕ್ಕಂತೆ 85 ಸಾವಿರದಿಂದ 8.25 ಲಕ್ಷದವರೆಗೆ ಹಂತ ಹಂತವಾಗಿ ಪರಿಹಾರ ಬರುತ್ತದೆ. ಬೇರೆ ಯೋಜನೆಯಲ್ಲಿ ಹಣ ಬಂದಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಆಮೇಲೆ ಗೊತ್ತಾದರೆ ಇದ್ದ ಅರ್ಜಿಗೂ ತೊಂದರೆ.

ಹಂತ 1: ಕಾಗದಪತ್ರ, ಮೊದಲ ದಿನದಿಂದಲೇ

ಎಲ್ಲದರ ಬುಡ ಎಫ್‌ಐಆರ್. ಅದರ ಪ್ರತಿಯನ್ನು ದೂರುದಾರರಿಗೆ ಅಥವಾ ನೊಂದವರಿಗೆ ಉಚಿತವಾಗಿ ಕೊಡಬೇಕು ಎಂದು ಬಿಎನ್‌ಎಸ್‌ಎಸ್ 173 ಹೇಳುತ್ತದೆ. "ನಮ್ಮ ಸರಹದ್ದಲ್ಲ" ಅಂತ ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಘಟನೆ ಎಲ್ಲೇ ನಡೆದಿರಲಿ, ದೂರು ತೆಗೆದುಕೊಳ್ಳಬೇಕು. ಇದಕ್ಕೆ ಝೀರೋ ಎಫ್‌ಐಆರ್ ಅಂತಾರೆ.

ಆಸ್ಪತ್ರೆಗೆ ಹೋದಾಗ "ಬಿದ್ದು ಗಾಯವಾಯಿತು" ಅಂತ ಬರೆಸಬೇಡಿ. ಹೊಡೆದದ್ದಾದರೆ ಹೊಡೆದದ್ದು ಅಂತಲೇ ಹೇಳಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ಆಸ್ಪತ್ರೆ ಮಾಡುವ ದಾಖಲೆ) ಮಾಡಿಸಿ. ಮರ್ಯಾದೆಗೆ ಅಂಜಿ, ಇಲ್ಲವೇ ಗಂಡನ ಮನೆಯವರಿಗೆ ಹೆದರಿ ಮೊದಲ ದಿನ ಬರೆಸಿದ ಆ ಒಂದು ಸಾಲು ಮುಂದೆ ಕೇಸಿನಲ್ಲೂ ಪರಿಹಾರದಲ್ಲೂ ಕಾಡುತ್ತದೆ.

ಅತ್ಯಾಚಾರ, ಆಸಿಡ್ ದಾಳಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕು. ಬಿಎನ್‌ಎಸ್‌ಎಸ್ 397 ಇದನ್ನೇ ಹೇಳುತ್ತದೆ. ಚಿಕಿತ್ಸೆ ಕೊಡದೆ ವಾಪಸ್ ಕಳಿಸಿದರೆ ಆಸ್ಪತ್ರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಮುಂಗಡ ಕಟ್ಟಿ ಅಂದರೆ ಈ ಕಲಂ ಹೆಸರು ಹೇಳಿ. ಅಲ್ಲಿಂದಲೇ 112ಕ್ಕೋ 181ಕ್ಕೋ ಫೋನ್ ಮಾಡಿ.

ಇಟ್ಟುಕೊಳ್ಳಬೇಕಾದ ಕಾಗದಗಳು ಇವು: ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ (ಠಾಣೆ, ಕೋರ್ಟುಗಳಲ್ಲಿ ವೂಂಡ್ ಸರ್ಟಿಫಿಕೇಟ್ ಅಂತಲೇ ಕರೆಯುತ್ತಾರೆ), ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್. ಸಾವಾಗಿದ್ದರೆ ಮರಣ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆಯ ವರದಿ, ನಾಡಕಚೇರಿಯಿಂದ ವಂಶವೃಕ್ಷ. ಅಂಗವಿಕಲತೆ ಉಳಿದಿದ್ದರೆ ಶೇಕಡಾವಾರು ಬರೆದ ಪ್ರಮಾಣಪತ್ರ ಬೇಕೇ ಬೇಕು. ಪರಿಹಾರದ ಮೊತ್ತ ಆ ಶೇಕಡಾ ಸಂಖ್ಯೆಯ ಮೇಲೇ ನಿಂತಿದೆ.

ಬಿಲ್ಲುಗಳ ಬಗ್ಗೆ ಒಂದು ಮಾತು. ಮೆಡಿಕಲ್ ಶಾಪಿನವರು ಕೊಡುವ ನುಣುಪು ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಅಳಿಸಿ ಬಿಳಿ ಚೀಟಿಯಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮುದುರಿ ಇಟ್ಟರಂತೂ ಮುಗಿದೇ ಹೋಯಿತು. ಬಂದ ವಾರವೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಆಟೊ, ಬಸ್ಸು, ಜೊತೆಗಿದ್ದವರ ಊಟ ಇವಕ್ಕೆ ಬಿಲ್ಲು ಇರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾ ಹೋಗಿ. ವಿಚಾರಣೆಯಲ್ಲಿ ಕೇಳಿದಾಗ ತಡವರಿಸುವ ಪ್ರಮೇಯ ಬರುವುದಿಲ್ಲ.

ಹಂತ 2: ಪ್ರಾಧಿಕಾರದ ಕಚೇರಿಗೆ ಹೋಗುವುದು

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಧ್ಯಕ್ಷರು ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು. ದಿನದಿನದ ಕೆಲಸ ನೋಡುವ ಸದಸ್ಯ ಕಾರ್ಯದರ್ಶಿಯವರೂ ನ್ಯಾಯಾಧೀಶರೇ. ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುತ್ತದೆ. ಅಷ್ಟು ದೂರ ಹೋಗಲು ಆಗದಿದ್ದರೆ ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಫೋನಿನಲ್ಲಿ ಕೇಳಬೇಕಾದರೆ 15100.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಪರಿಹಾರದ ಅರ್ಜಿಗೆ ಶುಲ್ಕ ಇಲ್ಲ. ಪರಿಹಾರ ಬಂದರೆ ಇಷ್ಟು ಪಾಲು ಕೊಡಬೇಕು ಅಂತ ಕೋರ್ಟ್ ಬಾಗಿಲಲ್ಲಿ ಮಾತಾಡಿಸುವವರು ಯಾರಾದರೂ ಸಿಕ್ಕರೆ ಅಲ್ಲೇ ಕೈಮುಗಿದು ಮುಂದೆ ಹೋಗಿ.

ಅರ್ಜಿಯನ್ನು ಕೈಯಾರೆ ಬರೆದರೂ ಸಾಕು. ವಿಷಯ ಹೀಗಿರಲಿ: "... ಪೊಲೀಸ್ ಠಾಣೆ ಅಪರಾಧ ಸಂಖ್ಯೆ .../... ರಲ್ಲಿ ನೊಂದವರಿಗೆ ಮಧ್ಯಂತರ ಹಾಗೂ ಅಂತಿಮ ಪರಿಹಾರ ಕೋರಿ." ಮಧ್ಯಂತರ ಎಂಬ ಪದವನ್ನು ಬಿಡಲೇಬೇಡಿ.

ಒಳಗೆ ಏನು ಬರೆಯಬೇಕು ಅನ್ನುವಲ್ಲಿ ಬಹಳ ಅರ್ಜಿಗಳು ಸೋಲುತ್ತವೆ. "ನಾವು ಬಡವರು, ತುಂಬಾ ಕಷ್ಟದಲ್ಲಿದ್ದೇವೆ, ದಯಮಾಡಿ ಸಹಾಯ ಮಾಡಿ" ಅಂತ ಮೂರು ಸಾಲು ಬರೆದರೆ ತೀರ್ಮಾನ ಮಾಡುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: "ನನ್ನ ಬಲಗೈ ಮೂಳೆ ಎರಡು ಕಡೆ ಮುರಿದಿದೆ. ನಾನು ಹೊಲಿಗೆ ಕೆಲಸದಲ್ಲಿ ತಿಂಗಳಿಗೆ 9,000 ರೂಪಾಯಿ ದುಡಿಯುತ್ತಿದ್ದೆ. ನಾಲ್ಕು ತಿಂಗಳಿಂದ ಮಷಿನ್ ಮುಟ್ಟಿಲ್ಲ. ಚಿಕಿತ್ಸೆಗೆ ಇಲ್ಲಿಯವರೆಗೆ 46,000 ರೂಪಾಯಿ ಖರ್ಚಾಗಿದೆ, ಬಿಲ್ಲು ಲಗತ್ತಿಸಿದ್ದೇನೆ. ಒಳಗೆ ಹಾಕಿರುವ ಪ್ಲೇಟ್ ತೆಗೆಯಲು ಇನ್ನೊಂದು ಆಪರೇಷನ್ ಬೇಕೆಂದು ವೈದ್ಯರು ಬರೆದಿದ್ದಾರೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು ನನ್ನನ್ನೇ ನಂಬಿದ್ದಾರೆ."

ಇದು ಮಾತಿನ ಚಂದಕ್ಕಲ್ಲ. ನಾಲ್ಸಾ ಯೋಜನೆಯಲ್ಲಿ ಮೊತ್ತ ನಿಗದಿ ಮಾಡುವಾಗ ನೋಡಬೇಕಾದ ಅಂಶಗಳ ಪಟ್ಟಿಯೇ ಇದೆ: ಅಪರಾಧ ಎಷ್ಟು ಘೋರ, ಆಗಿರುವ ಮತ್ತು ಮುಂದೆ ಆಗಬಹುದಾದ ವೈದ್ಯಕೀಯ ಖರ್ಚು, ಓದು ನಿಂತಿದೆಯೇ, ಕೆಲಸ ಹೋಗಿದೆಯೇ, ದೌರ್ಜನ್ಯ ಒಮ್ಮೆ ನಡೆದದ್ದೋ ಬಹಳ ದಿನ ನಡೆದದ್ದೋ, ಗರ್ಭ ನಿಂತಿದೆಯೇ, ಅಂಗವಿಕಲತೆ ಉಳಿದಿದೆಯೇ, ಮನೆಯ ಹಣಕಾಸು ಹೇಗಿದೆ. ಸಾವಾಗಿದ್ದರೆ ಸತ್ತವರ ವಯಸ್ಸು, ಆದಾಯ, ನಂಬಿಕೊಂಡವರೆಷ್ಟು ಜನ. ಈ ಒಂದೊಂದಕ್ಕೂ ನಿಮ್ಮ ಅರ್ಜಿಯಲ್ಲಿ ಉತ್ತರ ಇರಬೇಕು. ಮಾನಸಿಕ ನೋವಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನೂ ಇಡಿ. ನಾಚಿಕೆಪಡುವ ವಿಷಯವಲ್ಲ, ಅದಕ್ಕೂ ಪರಿಹಾರ ಇದೆ.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ. ತೀರ್ಮಾನಕ್ಕೆ ಇರುವ ಎರಡು ತಿಂಗಳ ಗಡುವಿನ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ.

ಎಷ್ಟು ದಿನದೊಳಗೆ ಹಾಕಬೇಕು? ನಾಲ್ಸಾ ಯೋಜನೆಯಲ್ಲಿ ಘಟನೆ ನಡೆದು ಅಥವಾ ವಿಚಾರಣೆ ಮುಗಿದು 3 ವರ್ಷದ ಮಿತಿ ಇದೆ. ಸರಿಯಾದ ಕಾರಣ ಇದ್ದರೆ ತಡವಾದದ್ದನ್ನು ಮನ್ನಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಆದರೂ ಕೊನೆಯವರೆಗೆ ಕಾಯುವುದು ಬೇಡ. ತಡವಾಗಿದ್ದರೆ ಯಾಕೆ ಅಂತ ಒಂದು ಪ್ಯಾರಾ ಬರೆಯಿರಿ: ಆಸ್ಪತ್ರೆಯಲ್ಲಿದ್ದೆ, ಬೆದರಿಕೆ ಇತ್ತು, ಇಂಥ ಯೋಜನೆ ಇದೆಯೆಂದೇ ಗೊತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ.

ಹಂತ 3: ಮೊದಲು ಮಧ್ಯಂತರ ಪರಿಹಾರ

ಇದೇ ಈ ಯೋಜನೆಯ ಜೀವ. ಮನೆ ನಿಲ್ಲುವುದೋ ಬೀಳುವುದೋ ಗೊತ್ತಾಗುವುದು ಮೊದಲ ಎರಡು ಮೂರು ತಿಂಗಳಲ್ಲಿ. ಆಗ ಬಂದ 50 ಸಾವಿರ ರೂಪಾಯಿ ಐದು ವರ್ಷದ ನಂತರ ಬರುವ 3 ಲಕ್ಷಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ನಾಲ್ಸಾ ಯೋಜನೆಯಡಿ ಅರ್ಜಿ ಬಂದ ಕೂಡಲೇ 5,000 ರೂಪಾಯಿ, ಅಗತ್ಯವಿದ್ದರೆ 10,000ದವರೆಗೆ ತಕ್ಷಣ ಕೊಡಲು ಅವಕಾಶ ಇದೆ. ಆಮೇಲೆ ಕೊಡುವ ಮಧ್ಯಂತರ ಪರಿಹಾರ, ಆ ಗಾಯಕ್ಕೆ ನಿಗದಿಯಾದ ಗರಿಷ್ಠ ಮೊತ್ತದ ಶೇ 25ಕ್ಕಿಂತ ಕಡಿಮೆ ಇರಬಾರದು. ಅತ್ಯಾಚಾರ ಪ್ರಕರಣದಲ್ಲಿ ಗರಿಷ್ಠ 7 ಲಕ್ಷ. ಹಾಗಾದರೆ ಮಧ್ಯಂತರವಾಗಿಯೇ 1.75 ಲಕ್ಷ ಕೇಳುವ ಹಕ್ಕು ಇದೆ. ಈ ಲೆಕ್ಕವನ್ನು ಅರ್ಜಿಯಲ್ಲೇ ಬರೆದುಬಿಡಿ.

ಆಸಿಡ್ ದಾಳಿಗೆ ಇನ್ನೂ ಬಿಗಿಯಾದ ಗಡುವು ಇದೆ. ವಿಷಯ ಪ್ರಾಧಿಕಾರದ ಗಮನಕ್ಕೆ ಬಂದ 15 ದಿನದೊಳಗೆ 1 ಲಕ್ಷ ಕೊಡಬೇಕು. ಅದಾದ ಮೇಲೆ 2 ತಿಂಗಳೊಳಗೆ ಇನ್ನೂ 2 ಲಕ್ಷ. ಆಸಿಡ್ ದಾಳಿಯಲ್ಲಿ ಕನಿಷ್ಠ 3 ಲಕ್ಷ ಪರಿಹಾರ ಸಿಗಲೇಬೇಕು ಎಂಬುದು ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಗೆರೆ. ಇದಲ್ಲದೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಿಂದ 1 ಲಕ್ಷಕ್ಕೆ ಬೇರೆ ಅರ್ಜಿ ಹೋಗಬೇಕು. ಅದನ್ನೂ ಪ್ರಾಧಿಕಾರದವರನ್ನು ಕೇಳಿ.

ಹಂತ 4: ವಿಚಾರಣೆ ಮತ್ತು ಮೊತ್ತ

ಅರ್ಜಿ ಬಂದ 2 ತಿಂಗಳೊಳಗೆ ವಿಚಾರಿಸಿ ತೀರ್ಮಾನಿಸಬೇಕು ಎಂದು ಕಾನೂನಿದೆ. ಪ್ರಾಧಿಕಾರದವರು ಠಾಣೆಯಿಂದ, ಆಸ್ಪತ್ರೆಯಿಂದ ವರದಿ ತರಿಸುತ್ತಾರೆ. ಕಾಗದ ಅಲ್ಲೇ ನಿಂತುಹೋಗುವುದುಂಟು. ಹದಿನೈದು ದಿನಕ್ಕೊಮ್ಮೆ ಹೋಗಿ "ಯಾವ ವರದಿ ಬಾಕಿ ಇದೆ, ಯಾವ ಕಚೇರಿಯಿಂದ" ಅಂತ ನಿರ್ದಿಷ್ಟವಾಗಿ ಕೇಳಿ. "ನಮ್ಮದು ಏನಾಯ್ತು" ಅಂತ ಕೇಳಿದರೆ "ನೋಡೋಣ" ಅನ್ನುವ ಉತ್ತರವೇ ಬರುತ್ತದೆ. ಪೊಲೀಸರ ತನಿಖೆಗೆ, ಸರ್ಕಾರಿ ವಕೀಲರಿಗೆ ಸಹಕರಿಸಿ. ಊರಿನ ದೊಡ್ಡವರು ರಾಜಿ ಮಾಡಿಸಲು ಬಂದರೆ ಖಾಲಿ ಕಾಗದಕ್ಕೆ ಸಹಿ ಮಾತ್ರ ಹಾಕಬೇಡಿ.

ನಾಲ್ಸಾ ಪಟ್ಟಿಯ ಮುಖ್ಯ ಮೊತ್ತಗಳು: ಸಾವಿಗೆ 5ರಿಂದ 10 ಲಕ್ಷ. ಸಾಮೂಹಿಕ ಅತ್ಯಾಚಾರಕ್ಕೂ 5ರಿಂದ 10 ಲಕ್ಷ. ಅತ್ಯಾಚಾರಕ್ಕೆ 4ರಿಂದ 7 ಲಕ್ಷ. ಶೇ 80 ಅಥವಾ ಹೆಚ್ಚಿನ ಶಾಶ್ವತ ಅಂಗವಿಕಲತೆಗೆ 2ರಿಂದ 5 ಲಕ್ಷ. ಆಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ. ಪುನರ್ವಸತಿ ಬೇಕಾಗುವಂಥ ತೀವ್ರ ದೈಹಿಕ ಅಥವಾ ಮಾನಸಿಕ ಗಾಯಕ್ಕೆ 1ರಿಂದ 2 ಲಕ್ಷ. ಲೈಂಗಿಕ ದೌರ್ಜನ್ಯ ಅಥವಾ ಆಸಿಡ್ ದಾಳಿಗೆ ಒಳಗಾದವಳು ಅಪ್ರಾಪ್ತ ಬಾಲಕಿಯಾದರೆ ಈ ಮಿತಿ ಶೇ 50ರಷ್ಟು ಏರುತ್ತದೆ. ಒಂದಕ್ಕಿಂತ ಹೆಚ್ಚು ಬಗೆಯ ಗಾಯ ಇದ್ದರೆ ಎಲ್ಲವನ್ನೂ ಕೂಡಿಸಿ ಕೇಳಬಹುದು. ಪಟ್ಟಿಯ ಈ ಕೊನೆಯ ಅಂಶ ಬಹಳ ಜನರಿಗೆ ಗೊತ್ತಿಲ್ಲ.

ಇವು ಮಹಿಳೆಯರ ಯೋಜನೆಯ ಮೊತ್ತಗಳು. ಪುರುಷರಿಗೆ ರಾಜ್ಯದ ಯೋಜನೆಯ ಪಟ್ಟಿ ಅನ್ವಯಿಸುತ್ತದೆ. ಅದರ ಈಗಿನ ಪ್ರತಿಯನ್ನು ಪ್ರಾಧಿಕಾರದ ಕಚೇರಿಯಲ್ಲೇ ಕೇಳಿ ನೋಡಿ.

ಮಕ್ಕಳಾದರೆ

ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ ಪ್ರಕರಣದಲ್ಲಿ ಗಂಡುಮಗು, ಹೆಣ್ಣುಮಗು ಎಂಬ ಭೇದ ಇಲ್ಲ. 2020ರ ಪೋಕ್ಸೊ ನಿಯಮಗಳ 9ನೇ ನಿಯಮದಂತೆ ಎಫ್‌ಐಆರ್ ಆದ ನಂತರ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು, ತಾನಾಗಿಯೂ ಕೊಡಬಹುದು. ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ಹಣ ಕೊಡಬೇಕು. ಆರೋಪಿ ಖುಲಾಸೆಯಾದರೂ, ಪತ್ತೆಯಾಗದಿದ್ದರೂ ಮಗುವಿಗೆ ನಷ್ಟವಾಗಿದೆ ಎಂದು ಕಂಡರೆ ಪರಿಹಾರ ಉಂಟು. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಸಿಗಬೇಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒತ್ತಿ ಹೇಳಿದೆ: ಮಹಿಳೆಯರ, ಮಕ್ಕಳ ಮೇಲಿನ ದೌರ್ಜನ್ಯದ ತೀರ್ಪು ಕೊಡುವಾಗ ಸೆಷನ್ಸ್ ಕೋರ್ಟುಗಳು ಪರಿಹಾರದ ಆದೇಶವನ್ನೂ ಮಾಡಬೇಕು. ತೀರ್ಪಿನಲ್ಲಿ ಪರಿಹಾರದ ಮಾತೇ ಇಲ್ಲದಿದ್ದರೆ ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ.

ಹಂತ 5: ಬ್ಯಾಂಕ್ ಖಾತೆ

ಆದೇಶವಾದ ಮೇಲೂ ಹಣ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಪೂರ್ತಿ ಕೆವೈಸಿ ಇಲ್ಲದೆ ತೆರೆದ ಜನಧನ್ ಸಣ್ಣ ಖಾತೆಯಲ್ಲಿ 50 ಸಾವಿರಕ್ಕಿಂತ ಹೆಚ್ಚು ಇರುವಂತಿಲ್ಲ. ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ. ಅಂಥ ಖಾತೆಗೆ 4 ಲಕ್ಷ ಕಳಿಸಿದರೆ ಏನಾಗಬೇಕು ಹೇಳಿ? ಅರ್ಜಿ ಕೊಡುವ ಮೊದಲೇ ಬ್ಯಾಂಕಿಗೆ ಹೋಗಿ ಕೆವೈಸಿ ಪೂರ್ತಿ ಮಾಡಿಸಿ. ಆಧಾರ್‌ನಲ್ಲಿ ಮತ್ತು ಪಾಸ್‌ಬುಕ್‌ನಲ್ಲಿ ಹೆಸರು ಒಂದೇ ಥರ ಇದೆಯೇ ನೋಡಿ. ಖಾತೆ ನೊಂದವರ ಹೆಸರಿನಲ್ಲೇ ಇರಲಿ. ಗಂಡನ, ಅಣ್ಣನ, ಮಾವನ ಖಾತೆ ಬೇಡ.

ಬಂದ ಹಣ ಪೂರ್ತಿ ಒಂದೇ ಸಲ ಕೈಗೆ ಸಿಗುವುದಿಲ್ಲ. ನಾಲ್ಸಾ ಯೋಜನೆಯಲ್ಲಿ ಶೇ 75 ಭಾಗ ಕನಿಷ್ಠ 3 ವರ್ಷ ಠೇವಣಿಯಲ್ಲಿರುತ್ತದೆ, ಶೇ 25 ತಕ್ಷಣದ ಖರ್ಚಿಗೆ. ಅಪ್ರಾಪ್ತರಾದರೆ ಶೇ 80 ಠೇವಣಿ. 18 ತುಂಬಿದ ಮೇಲೆ, ಅದೂ 3 ವರ್ಷ ಕಳೆದ ಮೇಲೆ ಅದು ಬಿಡುಗಡೆ. ಓದಿಗೆ, ಚಿಕಿತ್ಸೆಗೆ ಮೊದಲೇ ಬೇಕಾದರೆ ಕಾರಣ ಬರೆದು ಪ್ರಾಧಿಕಾರವನ್ನು ಕೇಳಬಹುದು. ಠೇವಣಿಯ ಬಡ್ಡಿ ಪ್ರತಿ ತಿಂಗಳು ಉಳಿತಾಯ ಖಾತೆಗೆ ಬರುವಂತೆ ಮಾಡಿಸಿಕೊಳ್ಳಿ.

ಹಂತ 6: ಕಡಿಮೆ ಕೊಟ್ಟರೆ, ಇಲ್ಲ ಅಂದರೆ

ನಾಲ್ಸಾ ಯೋಜನೆಯಡಿ ಜಿಲ್ಲಾ ಪ್ರಾಧಿಕಾರ ಮಾಡಿದ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಿ. ಬಿಟ್ಟುಹೋದ ಬಿಲ್ಲು, ಹೊಸ ವೈದ್ಯಕೀಯ ವರದಿ ಇದ್ದರೆ ಜೊತೆಗಿಡಿ.

ಶಿಕ್ಷೆ ಕೊಟ್ಟ ಕೋರ್ಟೇ ಅಪರಾಧಿಯಿಂದ ಕೊಡಿಸಿದ ಪರಿಹಾರ ಕಡಿಮೆ ಅನಿಸಿದರೆ ದಾರಿ ಬೇರೆ. ಬಿಎನ್‌ಎಸ್‌ಎಸ್ 413ರಡಿ ನೊಂದವರೇ ಮೇಲಿನ ಕೋರ್ಟಿಗೆ ಮೇಲ್ಮನವಿ ಹೋಗಬಹುದು. ಅದಕ್ಕೆ ಸರ್ಕಾರಿ ವಕೀಲರ ಒಪ್ಪಿಗೆಗೆ ಕಾಯಬೇಕಿಲ್ಲ. ಆದರೆ ಅಲ್ಲಿಯವರೆಗೆ ಹೋಗುವ ಮೊದಲೇ ಒಂದು ಕೆಲಸ ಮಾಡಿ. ಅಪರಾಧಿ ಎಂದು ಸಾಬೀತಾಗಿ, ಶಿಕ್ಷೆ ಎಷ್ಟು ಎಂದು ವಾದ ನಡೆಯುವ ದಿನ ಕೋರ್ಟಿನಲ್ಲಿ ಹಾಜರಿರಿ. ಖರ್ಚಿನ ಪಟ್ಟಿಯನ್ನು ಸರ್ಕಾರಿ ವಕೀಲರ ಕೈಗೆ ಕೊಡಿ. ಪರಿಹಾರ ಕೊಡಬೇಕೋ ಬೇಡವೋ ಎಂದು ಪ್ರತಿ ಪ್ರಕರಣದಲ್ಲೂ ಕೋರ್ಟ್ ಯೋಚಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್‌ವಾಡ್ ಪ್ರಕರಣದಲ್ಲಿ ಹೇಳಿದೆ. ಅಪರಾಧಿ ಕಟ್ಟದಿದ್ದರೆ ದಂಡದಂತೆಯೇ ಅವನ ಆಸ್ತಿಯಿಂದ ವಸೂಲಿ ಮಾಡಿಸಬಹುದು. ಅವನು ಮೇಲ್ಮನವಿ ಹೋದರೆ ಅದು ತೀರ್ಮಾನವಾಗುವವರೆಗೆ ಈ ಹಣ ಕೈಗೆ ಬರುವುದಿಲ್ಲ. ಹಾಗಾಗಿ ಈ ದಾರಿಯೊಂದನ್ನೇ ನಂಬಿ 396ರ ಅರ್ಜಿಯನ್ನು ಬಿಡಬೇಡಿ. ಎರಡೂ ಒಟ್ಟಿಗೆ ನಡೆಯಲಿ.

ಊರು ಬಿಟ್ಟು ಹೊರಗಿದ್ದರೆ

ಅಪರಾಧ ನಡೆದ ರಾಜ್ಯದ ನಿಧಿಯೇ ಹಣ ಕೊಡಬೇಕು. ಕಲಬುರಗಿಯಿಂದ ಪುಣೆಗೆ ಕೂಲಿಗೆ ಹೋದ ಹೆಣ್ಣುಮಗಳ ಮೇಲೆ ಅಲ್ಲಿ ದೌರ್ಜನ್ಯವಾದರೆ ಅರ್ಜಿ ಮಹಾರಾಷ್ಟ್ರದ ಪ್ರಾಧಿಕಾರಕ್ಕೆ. ಅಲ್ಲಿ ಮನೋಧೈರ್ಯ ಎಂಬ ಯೋಜನೆಯೂ ಇದೆ. ಊರಿಗೆ ಬಂದ ಮೇಲೆ ಝೀರೋ ಎಫ್‌ಐಆರ್ ಮಾಡಿಸಿ, ನಮ್ಮ ಜಿಲ್ಲೆಯ ಪ್ರಾಧಿಕಾರದವರ ಸಹಾಯದಿಂದಲೇ ಅಲ್ಲಿಗೆ ಅರ್ಜಿ ಕಳಿಸಬಹುದು. ಹಾಗೆ ಕಳಿಸುವಾಗ ಕಾಗದಗಳ ಫೋಟೊಗಳನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಹಾಕಲು ಯಾರಿಗೂ ಬಿಡಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಶಿಕ್ಷೆಯಾಗುವ ಅಪರಾಧ. ಯಾರಾದರೂ ಹಾಕಿದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಅದೇ ಠಾಣೆಗೆ ಕೊಡಿ.